ಮೊದಲ ವಿದೇಶ ಪ್ರವಾಸ: ಪ್ರವಾಸಿ ವೀಸಾಕ್ಕೆ ಅರ್ಜಿ ಸಲ್ಲಿಸುವ ಬಗೆ

ಪಾಸ್‌ಪೋರ್ಟ್, ವೀಸಾ ಎಂಬ ಎರಡು ಮಾತುಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳುವುದುಂಟು. ಆದರೆ ಈ ಎರಡು ದಾಖಲೆಗಳು ಬರುವುದು ಬೇರೆ ಬೇರೆ ಕೈಗಳಿಂದ. ಪಾಸ್‌ಪೋರ್ಟನ್ನು ನೀಡುವುದು ನಮ್ಮ ಸರ್ಕಾರ. ವೀಸಾ ನೀಡುವುದು ನಾವು ಹೋಗಬಯಸುವ ದೇಶದ ಸರ್ಕಾರ. 1967ರ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿದೇಶ ಪ್ರಯಾಣದ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಅಡಕವಾಗಿದೆಯೆಂದು ತೀರ್ಪಿತ್ತಿತು. ಅದೇ ವರ್ಷ ಸಂಸತ್ತು ಪಾಸ್‌ಪೋರ್ಟ್ ಅಧಿನಿಯಮವನ್ನು ಅಂಗೀಕರಿಸಿತು. ಹೀಗೆ ದೇಶದಿಂದ ಹೊರಗೆ ಹೋಗುವುದು ನಾಗರಿಕನ ಹಕ್ಕು. ಕಾನೂನಿನಲ್ಲಿ ಹೇಳಿದ ಕಾರಣವಿಲ್ಲದೆ ಅದನ್ನು ತಡೆಯುವಂತಿಲ್ಲ. ಇನ್ನೊಂದು ದೇಶದೊಳಗೆ ಕಾಲಿಡುವುದು ಮಾತ್ರ ಹಕ್ಕಲ್ಲ. ಅದು ಆ ದೇಶ ಕೊಡುವ ಅನುಮತಿ.

ಪ್ರಥಮ ಬಾರಿಗೆ ಅರ್ಜಿ ಸಲ್ಲಿಸುವವರು ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಷ್ಟೋ ಸಂಗತಿಗಳು ಸುಲಭವಾಗಿ ಅರ್ಥವಾಗುತ್ತವೆ. ಅರ್ಜಿದಾರರ ಪ್ರಾಮಾಣಿಕತೆ ಅವರ ಬೀದಿಗೆ, ಬ್ಯಾಂಕಿಗೆ, ಕನ್ನಡ ಸಂಘಕ್ಕೆ ತಿಳಿದಿರಬಹುದು. ವೀಸಾ ಅಧಿಕಾರಿಗೆ ತಿಳಿಯುವುದು ಮೇಜಿನ ಮೇಲಿರುವ ಕಾಗದಗಳಿಂದ ಮಾತ್ರ. ಆ ಕಾಗದಗಳು ನಿಜವಾಗಿರಬೇಕು ಮತ್ತು ಒಂದರ ಮಾತನ್ನು ಇನ್ನೊಂದು ಅಲ್ಲಗಳೆಯಬಾರದು. ಕಾಗದಗಳ ಕಟ್ಟು ದಪ್ಪವಾದಷ್ಟೂ ಒಳ್ಳೆಯದೆಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಅದು ಸರಿಯಲ್ಲ. ಒಂದಕ್ಕೊಂದು ಹೊಂದುವ ಹತ್ತು ಹಾಳೆಗಳು, ಹೊಂದದ ನೂರು ಹಾಳೆಗಳಿಗಿಂತ ಮೇಲು.

ಭಾರತೀಯರಿಗೆ ನೇಪಾಳ ಮತ್ತು ಭೂತಾನಗಳಿಗೆ ಹೋಗಲು ವೀಸಾ ಬೇಕಿಲ್ಲ. ಕೆಲವು ದೇಶಗಳು ಗಣಕಜಾಲದ ಮೂಲಕವೇ ಇ-ವೀಸಾ ಕೊಡುತ್ತವೆ. ಇನ್ನು ಕೆಲವು ಮುಂಚಿತವಾಗಿ ಪೂರ್ಣ ವಿಚಾರಣೆ ನಡೆಸಿಯೇ ಅನುಮತಿ ನೀಡುತ್ತವೆ. ಈ ಪಾಠಕ್ಕೆ ಯುರೋಪಿನ ಷೆಂಗೆನ್ ವೀಸಾವನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡಿದೆ. ಅದರ ನಿಯಮಗಳು ಒಂದೇ ಸಂಹಿತೆಯಲ್ಲಿ ಸ್ಪಷ್ಟವಾಗಿ ಬರೆಯಲ್ಪಟ್ಟಿವೆ. ಅದನ್ನು ಅರಿತವರಿಗೆ ಉಳಿದ ದೇಶಗಳ ಅರ್ಜಿಗಳು ಅಪರಿಚಿತವೆನಿಸುವುದಿಲ್ಲ.

ಮೊದಲು ಹೆಸರು

ಪ್ರವಾಸದ ಸಿದ್ಧತೆ ಆರಂಭವಾಗುವುದು ಪಾಸ್‌ಪೋರ್ಟಿನ ಹೆಸರಿನಿಂದ. ಇದು ಸಣ್ಣ ವಿಷಯವೆಂದು ತೋರಬಹುದು. ನಮ್ಮವರಿಗೆ ಹೆಚ್ಚಿನ ತೊಡಕು ಬರುವುದು ಇಲ್ಲಿಯೇ. ಉತ್ತರ ಕರ್ನಾಟಕದ ಪಾಟೀಲ, ಕುಲಕರ್ಣಿ ಮನೆತನಗಳವರಿಗೂ ಕರಾವಳಿಯ ಶೆಟ್ಟಿ, ಪೂಜಾರಿಗಳಿಗೂ ಅಡ್ಡಹೆಸರು ಮೊದಲಿನಿಂದಲೇ ಇದೆ. ಹಳೆಯ ಮೈಸೂರು ಕಡೆಯವರಿಗೆ ಹಾಗಿಲ್ಲ. ಕೆ. ಎಸ್. ರಾಮಚಂದ್ರ ಎಂಬ ಕಲ್ಪಿತ ಹೆಸರನ್ನು ನೋಡಿ. ಇಲ್ಲಿ ಮೊದಲ ಅಕ್ಷರ ಕಡೂರೆಂಬ ಊರು, ಎರಡನೆಯದು ಶಿವರಾಮಯ್ಯನೆಂಬ ತಂದೆ. ಇದೇ ಮನೆಯ ತಮ್ಮ ಮುಂಬಯಿಯಲ್ಲಿ ಓದಿದ್ದರೆ ಅವನ ಶಾಲಾ ಪ್ರಮಾಣಪತ್ರದಲ್ಲಿ ರಾಮಚಂದ್ರನ ಅಣ್ಣತಮ್ಮನೆಂದು ಗುರುತಿಸಲಾಗದಂತೆ ತಂದೆಯ ಹೆಸರು ನಡುವೆಯೂ ಊರಿನ ಹೆಸರು ಕೊನೆಗೂ ಬಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗಳನ್ನು ವಿಸ್ತರಿಸಿ ಬರೆಯಬೇಕು. ವಿಸ್ತರಿಸುವಾಗ ಯಾವುದನ್ನು ಅಡ್ಡಹೆಸರಿನ ಅಂಕಣದಲ್ಲಿ ಹಾಕುವುದೆಂದು ಒಮ್ಮೆ ನಿರ್ಧರಿಸಿ, ಮುಂದೆ ಎಲ್ಲೆಡೆಯೂ ಅದನ್ನೇ ಅನುಸರಿಸಬೇಕು.

ಅಡ್ಡಹೆಸರಿನ ಅಂಕಣವನ್ನು ಖಾಲಿ ಬಿಟ್ಟು ಒಂದೇ ಪದದ ಹೆಸರಿನಿಂದ ಪಾಸ್‌ಪೋರ್ಟ್ ಪಡೆಯುವುದು ನಮ್ಮ ದೇಶದಲ್ಲಿ ಕಾನೂನುಬದ್ಧವೇ. ಆದರೆ 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ದೇಶವು, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರುಳ್ಳವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಪ್ರಕಟಿಸಿತು. ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಒಪ್ಪಲಾಗುವುದೆಂದು ಅನಂತರ ಸ್ಪಷ್ಟಪಡಿಸಿತು. ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರು ಎರಡೂ ಅಂಕಣಗಳನ್ನು ತುಂಬುವುದು ಲೇಸು. ವಿಮಾನದ ಟಿಕೆಟ್ಟು, ವಿಮೆ, ಹೋಟೆಲಿನ ಪತ್ರ ಇವೆಲ್ಲವೂ ಪಾಸ್‌ಪೋರ್ಟಿನ ಹೆಸರಿನಲ್ಲೇ ಇರಬೇಕು. ಬ್ಯಾಂಕಿನ ಪುಸ್ತಕದಲ್ಲಿ ಹೆಸರು ಬೇರೆ ರೀತಿಯಿದ್ದರೆ, ಅರ್ಜಿಗೆ ಬಹಳ ಮೊದಲೇ ಬ್ಯಾಂಕಿಗೆ ಹೋಗಿ ಸರಿಪಡಿಸಿಕೊಳ್ಳಬೇಕು.

ಇನ್ನೊಂದು ವಿಷಯ. ಊರು ಬಿಟ್ಟು ಬಂದು ನೆಲೆಸಿದವರು ಪಾಸ್‌ಪೋರ್ಟಿಗಾಗಿ ತವರಿಗೆ ಹೋಗಬೇಕಾದ ಕಾರಣವಿಲ್ಲ. 2018ರಿಂದ ದೇಶದ ಯಾವ ಪಾಸ್‌ಪೋರ್ಟ್ ಕಚೇರಿಯಲ್ಲಾದರೂ ಅರ್ಜಿ ಸಲ್ಲಿಸಬಹುದು. ವಿಳಾಸ ಮಾತ್ರ ಈಗ ವಾಸವಿರುವ ಮನೆಯದೇ ಆಗಿರಬೇಕು. ಪೊಲೀಸ್ ಪರಿಶೀಲನೆ ನಡೆಯುವುದು ಅಲ್ಲಿ. ಪಾಸ್‌ಪೋರ್ಟ್ ಪಡೆಯಲು ಸುಳ್ಳು ಮಾಹಿತಿ ಕೊಟ್ಟರೆ ಅಧಿನಿಯಮದ 12ನೆಯ ವಿಧಿಯ ಮೇರೆಗೆ 2 ವರ್ಷಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ. ಷೆಂಗೆನ್ ವೀಸಾಕ್ಕೆ ಪಾಸ್‌ಪೋರ್ಟು ಹಿಂದಿನ 10 ವರ್ಷಗಳ ಒಳಗೆ ನೀಡಿದ್ದಾಗಿರಬೇಕು, ಆ ಪ್ರದೇಶದಿಂದ ಹೊರಡುವ ದಿನದ ನಂತರ ಕನಿಷ್ಠ 3 ತಿಂಗಳ ಅವಧಿ ಉಳಿದಿರಬೇಕು, ಎರಡು ಖಾಲಿ ಪುಟಗಳಾದರೂ ಇರಬೇಕು. ಅನೇಕ ದೇಶಗಳು 6 ತಿಂಗಳ ಅವಧಿಯನ್ನು ಕೇಳುತ್ತವೆ. ಆದ್ದರಿಂದ 6 ತಿಂಗಳಿಗಿಂತ ಕಡಿಮೆ ಅವಧಿ ಉಳಿದಿದ್ದರೆ ಮೊದಲು ನವೀಕರಿಸುವುದೇ ಸುರಕ್ಷಿತ.

ಯಾವ ದೇಶಕ್ಕೆ ಅರ್ಜಿ

1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯಲ್ಲಿ ಸಹಿಯಾದ ಒಪ್ಪಂದದಿಂದ ಈ ವ್ಯವಸ್ಥೆಗೆ ಆ ಹೆಸರು ಬಂದಿದೆ. ಈಗ ಇದರಲ್ಲಿ 29 ದೇಶಗಳಿವೆ. ಯುರೋಪಿಯನ್ ಒಕ್ಕೂಟದ ಸದಸ್ಯನಲ್ಲದ ಸ್ವಿಟ್ಜರ್ಲೆಂಡ್ ಇದರೊಳಗಿದೆ. ಒಕ್ಕೂಟದ ಸದಸ್ಯನಾದ ಐರ್ಲೆಂಡ್ ಹೊರಗಿದೆ. ಬ್ರಿಟನ್ ಕೂಡ ಹೊರಗೆ. ಲಂಡನ್ ಮತ್ತು ಪ್ಯಾರಿಸ್ ಎರಡನ್ನೂ ನೋಡಬೇಕೆನ್ನುವವರು ಎರಡು ವೀಸಾಗಳನ್ನು ಬೇರೆ ಬೇರೆಯಾಗಿ ಪಡೆಯಬೇಕು.

ಡೊಂಬಿವಿಲಿಯಲ್ಲಿ ನೆಲೆಸಿರುವ ನಿವೃತ್ತ ದಂಪತಿಗಳನ್ನು ಕಲ್ಪಿಸಿಕೊಳ್ಳೋಣ. ಪ್ಯಾರಿಸ್ಸಿನಲ್ಲಿ 3 ರಾತ್ರಿ, ಸ್ವಿಟ್ಜರ್ಲೆಂಡಿನಲ್ಲಿ 5 ರಾತ್ರಿ, ಇಟಲಿಯಲ್ಲಿ 3 ರಾತ್ರಿ ಕಳೆಯುವುದು ಅವರ ಯೋಜನೆ. ವಿಮಾನ ಮೊದಲು ಇಳಿಯುವುದು ಪ್ಯಾರಿಸ್ಸಿನಲ್ಲಿ. ಹಾಗಾದರೆ ಅರ್ಜಿ ಫ್ರಾನ್ಸಿಗೋ? ಅಲ್ಲ. ಹೆಚ್ಚು ದಿನ ತಂಗುವ ದೇಶಕ್ಕೆ, ಎಂದರೆ ಸ್ವಿಟ್ಜರ್ಲೆಂಡಿಗೆ ಸಲ್ಲಿಸಬೇಕು. ದಿನಗಳು ಸಮವಾಗಿದ್ದರೆ ಮಾತ್ರ ಮೊದಲು ಪ್ರವೇಶಿಸುವ ದೇಶವನ್ನು ಪರಿಗಣಿಸಬೇಕು. ಇಂಥ ದೇಶದವರು ಬೇಗ ಕೊಡುತ್ತಾರೆಂಬ ಗಾಳಿಮಾತನ್ನು ನಂಬಿ ಅಲ್ಲಿ ಅರ್ಜಿ ಹಾಕಿ, ಕಾಲ ಕಳೆಯುವುದು ಇನ್ನೊಂದು ದೇಶದಲ್ಲೆಂದರೆ ಹೋಟೆಲಿನ ಪತ್ರಗಳೇ ಅರ್ಜಿಗೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತವೆ.

ಹೊರಡುವ ದಿನಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಸ್ವೀಕರಿಸಲಾಗುತ್ತದೆ. 15 ದಿನಗಳಿಗಿಂತ ಕಡಿಮೆ ಸಮಯ ಉಳಿದಿರುವಾಗ ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ನಿರ್ಧಾರಕ್ಕೆ ನಿಗದಿಯಾದ ಅವಧಿ 15 ದಿನ. ಹೆಚ್ಚಿನ ಪರಿಶೀಲನೆ ಬೇಕಾದಾಗ 45 ದಿನಗಳವರೆಗೆ ಹೋಗಬಹುದು. ಮೇ ತಿಂಗಳ ರಜೆಯಲ್ಲಿ ಹೊರಡುವವರು ಜನವರಿ, ಫೆಬ್ರವರಿಯಲ್ಲೇ ಕಾರ್ಯಪ್ರವೃತ್ತರಾಗಬೇಕು. ಶುಲ್ಕವು 2024ರ ಜೂನ್ 11ರಿಂದ ವಯಸ್ಕರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ. 6 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ವೀಸಾ ನಿರಾಕರಿಸಿದರೂ ಶುಲ್ಕ ಹಿಂದಿರುಗಿ ಬರುವುದಿಲ್ಲ.

ಅನೇಕ ದೂತಾವಾಸಗಳು ಅರ್ಜಿ ಸ್ವೀಕರಿಸುವ ಕೆಲಸವನ್ನು ಖಾಸಗಿ ಕೇಂದ್ರಗಳಿಗೆ ಒಪ್ಪಿಸಿವೆ. ಅಲ್ಲಿ ಕಾಗದಗಳನ್ನು ಪಡೆದು, ಬೆರಳಚ್ಚು ಮತ್ತು ಭಾವಚಿತ್ರ ತೆಗೆದುಕೊಂಡು ದೂತಾವಾಸಕ್ಕೆ ಕಳುಹಿಸುತ್ತಾರೆ. ಇದಕ್ಕೆ ಪ್ರತ್ಯೇಕ ಸೇವಾಶುಲ್ಕ ಉಂಟು. ವೀಸಾ ಕೊಡುವ ಅಥವಾ ನಿರಾಕರಿಸುವ ಅಧಿಕಾರ ಈ ಕೇಂದ್ರಗಳಿಗಿಲ್ಲ. ಒಳಗೆ ಪರಿಚಯವಿದೆ, ಖಂಡಿತ ಮಾಡಿಸಿಕೊಡುತ್ತೇನೆ ಎನ್ನುವ ಮಧ್ಯವರ್ತಿಯ ಮಾತಿಗೆ ಬೆಲೆಯಿಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳವರೆಗೆ ಮುಂದಿನ ಅರ್ಜಿಗಳಿಗೂ ಬಳಕೆಯಾಗುತ್ತದೆ. ಭಾವಚಿತ್ರದ ಅಳತೆ ಷೆಂಗೆನ್ ಅರ್ಜಿಗೆ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರ. ಅಮೆರಿಕಕ್ಕೆ 2 ಅಂಗುಲದ ಚೌಕ. ಸ್ಟುಡಿಯೋದವರಿಗೆ ದೇಶದ ಹೆಸರನ್ನು ಹೇಳಿಯೇ ತೆಗೆಸಬೇಕು.

ಅಧಿಕಾರಿಯ ಮೂರು ಪ್ರಶ್ನೆಗಳು

ಯಾವ ದೇಶದ ಅರ್ಜಿಯಾದರೂ ಪರಿಶೀಲಿಸುವವರ ಮನಸ್ಸಿನಲ್ಲಿ ಮೂರು ಪ್ರಶ್ನೆಗಳಿರುತ್ತವೆ. ಇವರು ಏತಕ್ಕೆ ಬರುತ್ತಾರೆ? ಖರ್ಚು ಯಾರದು? ಹಿಂದಿರುಗಿ ಹೋಗುತ್ತಾರೆಯೇ?

ಮೊದಲನೆಯದಕ್ಕೆ ಉತ್ತರ ದಿನಚರಿಯಲ್ಲಿದೆ. ಯಾವ ದಿನ ಯಾವ ಊರು, ಯಾವ ಹೋಟೆಲು, ಊರಿಂದೂರಿಗೆ ರೈಲೋ ಬಸ್ಸೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದರೆ ಸಾಕು. ಮಗಳ ಮನೆಯಲ್ಲಿ ತಂಗುವುದಾದರೆ ಆಹ್ವಾನ ಪತ್ರ, ಮಗಳ ವಾಸದ ಪರವಾನಗಿಯ ಪ್ರತಿ ಮತ್ತು ಸಂಬಂಧವನ್ನು ತೋರಿಸುವ ಜನನ ಪ್ರಮಾಣಪತ್ರವನ್ನು ಲಗತ್ತಿಸಬೇಕು. ವೀಸಾ ಕೈಗೆ ಬರುವ ಮೊದಲೇ ಹಣ ಹಿಂದಿರುಗದಂಥ ಟಿಕೆಟ್ಟು ಕೊಳ್ಳುವುದು ವಿವೇಕವಲ್ಲ. ರದ್ದುಪಡಿಸಬಹುದಾದ ರೀತಿಯಲ್ಲಿ ಕಾಯ್ದಿರಿಸಿಕೊಳ್ಳಬಹುದು. ಆದರೆ ಕೆಲವು ಏಜೆಂಟರು ಮಾರುವ ಕೃತಕ ಕಾಯ್ದಿರಿಸುವಿಕೆಯ ಹಾಳೆ ಸುಳ್ಳು ದಾಖಲೆಯಾಗುತ್ತದೆಂಬುದನ್ನು ಮರೆಯಬಾರದು.

ಎರಡನೆಯ ಪ್ರಶ್ನೆಯ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಖಾತೆಯಲ್ಲಿ ದೊಡ್ಡ ಮೊತ್ತ ಕಂಡರೆ ಸಾಕೆಂದು ಭಾವಿಸಿ, ಅರ್ಜಿಗೆ ಒಂದು ವಾರ ಮುಂಚೆ ಬಂಧುಗಳಿಂದ ಸಾಲ ತಂದು ತುಂಬುವವರಿದ್ದಾರೆ. ಬ್ಯಾಂಕಿನ ವಿವರಪಟ್ಟಿಯನ್ನು ಸಾಮಾನ್ಯವಾಗಿ ಹಿಂದಿನ 3 ತಿಂಗಳಿಗೆ, ಕೆಲವೆಡೆ 6 ತಿಂಗಳಿಗೆ ಕೇಳುವುದು ಇದನ್ನು ಪತ್ತೆಹಚ್ಚುವುದಕ್ಕಾಗಿಯೇ. ಪಟ್ಟಿಯಲ್ಲಿ ಕೊನೆಯ ಮೊತ್ತಕ್ಕಿಂತ ಹಣದ ನಡೆ ಮುಖ್ಯ. ಪ್ರತಿ ತಿಂಗಳು ಪಿಂಚಣಿ ಬಂದು, ಮನೆಖರ್ಚು ಹೋಗಿ, ಸ್ವಲ್ಪ ಉಳಿಯುತ್ತಿದ್ದರೆ ಅದು ನಂಬುವಂಥ ಖಾತೆ. ನಮ್ಮ ಡೊಂಬಿವಿಲಿಯ ದಂಪತಿಗಳು ಪ್ರವಾಸಕ್ಕೆಂದು ಕಾಯಂ ಠೇವಣಿಯೊಂದನ್ನು ಮುರಿದು 6 ಲಕ್ಷ ರೂಪಾಯಿಗಳನ್ನು ಉಳಿತಾಯ ಖಾತೆಗೆ ಹಾಕಿದರೆನ್ನಿ. ಇದರಲ್ಲಿ ಅಡಗಿಸಬೇಕಾದದ್ದೇನೂ ಇಲ್ಲ. ಠೇವಣಿ ಮುಕ್ತಾಯದ ಚೀಟಿಯನ್ನು ಜೊತೆಗಿಟ್ಟು, ಮನವಿ ಪತ್ರದಲ್ಲಿ ಒಂದು ಸಾಲು ಬರೆದರೆ ಸಂಶಯಕ್ಕೆ ಎಡೆಯಿಲ್ಲ. ಹಣ ಕೊಟ್ಟವನು ಮಗನಾದರೆ ಅವನ ಪತ್ರ, ಅವನ ಖಾತೆಯ ವಿವರ, ಆದಾಯ ತೆರಿಗೆ ವಿವರಣೆಯ ಪ್ರತಿ ಇರಲಿ. ವಿವರಿಸಿದ ಹಣ ಚಿಕ್ಕದಾದರೂ ಪ್ರಯೋಜನಕಾರಿ. ವಿವರಿಸದ ಹಣ ದೊಡ್ಡದಾದಷ್ಟೂ ತೊಂದರೆ.

ಮೂರನೆಯ ಪ್ರಶ್ನೆಯೇ ಕಠಿಣ. ಅಮೆರಿಕದ ವಲಸೆ ಕಾನೂನಿನ 214(ಬಿ) ವಿಧಿಯಂತೆ, ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರನ್ನೂ ಅಲ್ಲಿಯೇ ನೆಲೆಸಲು ಬರುವವರೆಂದು ಮೊದಲಿಗೆ ಭಾವಿಸಲಾಗುತ್ತದೆ. ಹಾಗಲ್ಲವೆಂದು ತೋರಿಸಿಕೊಡುವ ಹೊಣೆ ಅರ್ಜಿದಾರರದು. ಇದರಿಂದ ಅವಮಾನವಾಯಿತೆಂದು ನೊಂದುಕೊಳ್ಳುವವರುಂಟು, ಅದರಲ್ಲೂ ಹಿರಿಯರು. ಮೂವತ್ತು ವರ್ಷ ಒಂದೇ ಕಡೆ ದುಡಿದವರಿಗೆ ಈ ಪ್ರಶ್ನೆ ಕಹಿಯೆನಿಸುವುದು ಸಹಜ. ಆದರೆ ಅದು ಕಾನೂನಿನ ಮಾತು, ವ್ಯಕ್ತಿಯ ಮೇಲಿನ ಆರೋಪವಲ್ಲ. ಉದ್ಯೋಗದಲ್ಲಿರುವವರು ರಜೆ ಮಂಜೂರಾತಿ ಪತ್ರವನ್ನು, ಅಂಗಡಿಯುಳ್ಳವರು ಜಿಎಸ್‌ಟಿ ನೋಂದಣಿಯನ್ನು, ನಿವೃತ್ತರು ಪಿಂಚಣಿ ಆದೇಶವನ್ನು ಕೊಡಬಹುದು. ಸ್ವಂತ ಆದಾಯವಿಲ್ಲದ ಗೃಹಿಣಿಯರು ಪತಿಯ ದಾಖಲೆಗಳೊಂದಿಗೆ ವಿವಾಹ ಪ್ರಮಾಣಪತ್ರವನ್ನು ಲಗತ್ತಿಸಬೇಕು. ತಂದೆ ತಾಯಿಯರಲ್ಲಿ ಒಬ್ಬರೊಡನೆ ಮಾತ್ರ ಹೊರಡುವ ಮಗುವಿಗೆ ಇನ್ನೊಬ್ಬರ ಒಪ್ಪಿಗೆ ಪತ್ರ ಬೇಕಾಗುತ್ತದೆ.

ಹೊರನಾಡಿನಲ್ಲಿರುವ ಕನ್ನಡಿಗರ ದಾಖಲೆಗಳು ಎರಡು ಮೂರು ಭಾಷೆಗಳಲ್ಲಿ ಹರಡಿಕೊಂಡಿರುವುದು ಸಾಮಾನ್ಯ. ಊರಿನ ಜಮೀನಿನ ಪಹಣಿ ಕನ್ನಡದಲ್ಲಿ, ವಿವಾಹ ನೋಂದಣಿ ಮರಾಠಿಯಲ್ಲಿ, ಮಗುವಿನ ಜನನ ಪತ್ರ ತಮಿಳಿನಲ್ಲಿ. ಇವನ್ನು ಇಂಗ್ಲಿಷಿಗೆ ಭಾಷಾಂತರಿಸಿ, ದೂತಾವಾಸ ಕೇಳುವ ರೀತಿಯಲ್ಲಿ ದೃಢೀಕರಿಸಿ, ಮೂಲದ ಪ್ರತಿಯೊಡನೆ ಇಡಬೇಕು. ಭಾಷಾಂತರದಲ್ಲಿಯೂ ಹೆಸರಿನ ಕಾಗುಣಿತ ಪಾಸ್‌ಪೋರ್ಟಿನಂತೆಯೇ ಬರಬೇಕು. ಪಾಸ್‌ಪೋರ್ಟಿನ ವಿಳಾಸ ಧಾರವಾಡದ್ದಾಗಿದ್ದು ವಾಸ ಪುಣೆಯಲ್ಲಾದರೆ, ಈಗಿನ ವಾಸಕ್ಕೆ ಬಾಡಿಗೆ ಕರಾರು ಅಥವಾ ವಿದ್ಯುತ್ ಬಿಲ್ಲಿನಂಥ ಪುರಾವೆ ಇರಲಿ. ಅರ್ಜಿ ಯಾವ ದೂತಾವಾಸದ ವ್ಯಾಪ್ತಿಗೆ ಸೇರುತ್ತದೆಂಬುದು ವಾಸಸ್ಥಳವನ್ನು ಅವಲಂಬಿಸಿದೆ.

ಇವೆಲ್ಲಕ್ಕೂ ಮುಖಪುಟದಂತೆ ಒಂದು ಮನವಿ ಪತ್ರ ಬರೆಯುವುದು ಒಳ್ಳೆಯದು. ಅದು ಒಂದು ಪುಟವನ್ನು ಮೀರಬಾರದು. ನಾವು ಯಾರು, ಏನು ಕೆಲಸ, ಜೊತೆಗೆ ಯಾರು ಬರುತ್ತಾರೆ, ಯಾವ ದಿನದಿಂದ ಯಾವ ದಿನದವರೆಗೆ, ಖರ್ಚು ಯಾರದು, ಮರಳಿ ಬರಬೇಕಾದ ಕಾರಣವೇನು ಎಂಬಷ್ಟೇ ಅದರಲ್ಲಿರಲಿ. ಆ ದೇಶದ ಸೌಂದರ್ಯದ ವರ್ಣನೆ ಬೇಕಿಲ್ಲ. ಏಜೆಂಟರು ಅರ್ಜಿ ತುಂಬಿದ್ದರೂ ಸಹಿ ಹಾಕುವವರು ನಾವಾದ್ದರಿಂದ, ಪ್ರತಿ ಸಾಲನ್ನೂ ಓದಿಸಿ ಕೇಳಿಯಾದರೂ ತಿಳಿದುಕೊಂಡೇ ಸಹಿ ಮಾಡಬೇಕು.

ಪ್ರವಾಸ ವಿಮೆ ಷೆಂಗೆನ್ ಅರ್ಜಿಗೆ ಕಡ್ಡಾಯ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ರಕ್ಷಣೆಯಿರಬೇಕು, ಅದು ಎಲ್ಲ ಸದಸ್ಯ ದೇಶಗಳಿಗೂ ಅನ್ವಯಿಸಬೇಕು. ಮಧುಮೇಹ, ರಕ್ತದೊತ್ತಡ ಇರುವವರು ಕಂತು ಹೆಚ್ಚುತ್ತದೆಂದು ಅದನ್ನು ಮುಚ್ಚಿಟ್ಟರೆ, ವೀಸಾ ಸಿಕ್ಕೀತು. ಆಸ್ಪತ್ರೆ ಸೇರಬೇಕಾಗಿ ಬಂದಾಗ ವಿಮೆಯ ಹಣ ಸಿಗದೆ ಹೋದೀತು.

ವೀಸಾ ಚೀಟಿಯನ್ನು ಓದುವುದು

ಪಾಸ್‌ಪೋರ್ಟ್ ಮರಳಿ ಬಂದೊಡನೆ ಸಂತೋಷದಿಂದ ಪೆಟ್ಟಿಗೆಯಲ್ಲಿಡುವ ಮೊದಲು ಅಂಟಿಸಿರುವ ಚೀಟಿಯನ್ನು ಓದಬೇಕು. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಸರಿಯಿವೆಯೇ ನೋಡಿ, ತಪ್ಪಿದ್ದರೆ ಕೂಡಲೇ ತಿಳಿಸಬೇಕು. ಅದರಲ್ಲಿ ವೀಸಾದ ಅವಧಿ ಬೇರೆ, ತಂಗಬಹುದಾದ ದಿನಗಳ ಸಂಖ್ಯೆ ಬೇರೆ. ಮೇ 1ರಿಂದ ಮೇ 31ರವರೆಗೆ ಅವಧಿಯೆಂದೂ 16 ದಿನಗಳೆಂದೂ ಬರೆದಿದ್ದರೆ, ಆ ತಿಂಗಳಿಡೀ ಇರಬಹುದೆಂದು ಅರ್ಥವಲ್ಲ. ಆ ಒಂದು ತಿಂಗಳೊಳಗೆ ಯಾವಾಗಲಾದರೂ ಹೋಗಿ, 16 ದಿನ ಮಾತ್ರ ತಂಗಬಹುದು. ಮೇ 20ರಂದು ಹೋದವರು 16 ದಿನ ತುಂಬದಿದ್ದರೂ ಮೇ 31ರೊಳಗೆ ಹೊರಬರಬೇಕು. ಇಳಿದ ದಿನ, ಹೊರಡುವ ದಿನ ಎರಡೂ ಎಣಿಕೆಗೆ ಸೇರುತ್ತವೆ. ಪ್ರವೇಶಗಳ ಸಂಖ್ಯೆಯ ಅಂಕಣದಲ್ಲಿ 1 ಎಂದಿದ್ದರೆ, ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೋದವರು ಮತ್ತೆ ರೋಮಿಗೆ ಬರುವಂತಿಲ್ಲ. ಯಾವುದೇ ಷೆಂಗೆನ್ ಅಲ್ಪಾವಧಿ ವೀಸಾದ ಮೇಲೆ 180 ದಿನಗಳಲ್ಲಿ 90 ದಿನಗಳಿಗಿಂತ ಹೆಚ್ಚು ಇರಲಾಗದು. ದಾರಿಯಲ್ಲಿ ವಿಮಾನ ಬದಲಿಸುವ ದೇಶವು ಪ್ರತ್ಯೇಕ ಟ್ರಾನ್ಸಿಟ್ ವೀಸಾ ಕೇಳುತ್ತದೆಯೇ ಎಂಬುದನ್ನೂ ಟಿಕೆಟ್ಟು ಕೊಳ್ಳುವ ಮುಂಚೆ ವಿಚಾರಿಸಬೇಕು.

ಪ್ರವಾಸಿ ವೀಸಾ ನೋಡಿ ಬರುವುದಕ್ಕಾಗಿ ಮಾತ್ರ. ಅದರ ಮೇಲೆ ದುಡಿಯುವಂತಿಲ್ಲ. ಮೊದಲು ಪ್ರವಾಸಿಯಾಗಿ ಹೋಗಿ, ಅಲ್ಲಿ ಕೆಲಸದ ವೀಸಾಕ್ಕೆ ಬದಲಿಸಿಕೊಡುತ್ತೇವೆಂದು ಹೇಳುವವರ ಬಲೆಗೆ ಬಿದ್ದವರ ಪಾಡು ಕರುಣಾಜನಕವಾದದ್ದು. ಥಾಯ್ಲೆಂಡಿನಲ್ಲಿ ಗಣಕ ಉದ್ಯೋಗವೆಂದು ನಂಬಿಸಿ ತರುಣರನ್ನು ಮ್ಯಾನ್ಮಾರಿಗೆ ಸಾಗಿಸಿ, ಬಂಧನದಲ್ಲಿಟ್ಟು ವಂಚನೆಯ ಕೆಲಸ ಮಾಡಿಸುತ್ತಿದ್ದ ಜಾಲಗಳ ಬಗ್ಗೆ ವಿದೇಶಾಂಗ ಸಚಿವಾಲಯವು 2022ರ ಸೆಪ್ಟೆಂಬರಿನಲ್ಲಿ ಎಚ್ಚರಿಕೆ ನೀಡಿತ್ತು. ಉದ್ಯೋಗಕ್ಕಾಗಿ ಹೋಗುವವರು ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯನ್ನು ನೋಡತಕ್ಕದ್ದು. ವಿದೇಶದಲ್ಲಿ ಸಂಕಷ್ಟಕ್ಕೆ ಸಿಲುಕಿದವರು ಭಾರತೀಯ ರಾಯಭಾರ ಕಚೇರಿಯನ್ನು ಸಂಪರ್ಕಿಸಬಹುದು. 2015ರಲ್ಲಿ ಆರಂಭವಾದ ಮದದ್ ಎಂಬ ಜಾಲತಾಣದ ಮೂಲಕವೂ ದೂರು ದಾಖಲಿಸಬಹುದು.

ನಿರಾಕರಣೆಯಾದರೆ

ಷೆಂಗೆನ್ ನಿಯಮದಂತೆ ವೀಸಾ ನಿರಾಕರಿಸಿದಾಗ ಕಾರಣವನ್ನು ಮುದ್ರಿತ ನಮೂನೆಯಲ್ಲಿ ತಿಳಿಸಬೇಕು. ಅರ್ಜಿದಾರರಿಗೆ ಮೇಲ್ಮನವಿಯ ಹಕ್ಕೂ ಇದೆ. ಆ ಹಾಳೆಯನ್ನು ಸಿಟ್ಟಿನಿಂದ ಹರಿದುಹಾಕುವವರನ್ನು ಕಂಡಿದ್ದೇವೆ. ಅದೇ ಮುಂದಿನ ಅರ್ಜಿಗೆ ದಾರಿದೀಪ. ಪ್ರವಾಸದ ಉದ್ದೇಶ ಸ್ಪಷ್ಟವಿಲ್ಲವೆಂದಿದ್ದರೆ ದಿನಚರಿಯನ್ನೂ, ಹಣದ ಸಾಧನ ಸಾಲದೆಂದಿದ್ದರೆ ಬ್ಯಾಂಕಿನ ಕಾಗದಗಳನ್ನೂ ಸರಿಪಡಿಸಿ ಮತ್ತೆ ಅರ್ಜಿ ಹಾಕಬಹುದು. ಏನನ್ನೂ ಬದಲಿಸದೆ ಮರುದಿನವೇ ಮತ್ತೆ ಶುಲ್ಕ ಕಟ್ಟುವುದು ಹಣ ಪೋಲು ಮಾಡಿದಂತೆ.

ಹಿಂದೆ ಯಾವುದಾದರೂ ದೇಶ ವೀಸಾ ನಿರಾಕರಿಸಿದೆಯೇ ಎಂಬ ಪ್ರಶ್ನೆ ಅನೇಕ ಅರ್ಜಿಗಳಲ್ಲಿರುತ್ತದೆ. ಹೌದೆಂದಾದರೆ ಹೌದೆಂದೇ ಬರೆಯಬೇಕು. ನಿರಾಕರಣೆ ಒಂದು ತಡೆ ಮಾತ್ರ. ಸುಳ್ಳು ಅದಕ್ಕಿಂತ ದೊಡ್ಡ ಕುತ್ತು. ವಂಚನೆ ಕಂಡುಬಂದಲ್ಲಿ ಬ್ರಿಟನ್ 10 ವರ್ಷಗಳವರೆಗೆ ಅರ್ಜಿಗಳನ್ನು ತಳ್ಳಿಹಾಕಬಹುದು. ಅಮೆರಿಕದಲ್ಲಿ ಉದ್ದೇಶಪೂರ್ವಕ ಸುಳ್ಳು ಹೇಳಿಕೆಯಿಂದ ಆಜೀವ ಅನರ್ಹತೆಯೇ ಬರಬಹುದು. ಏಜೆಂಟನು ಸೇರಿಸಿದ ನಕಲಿ ಬ್ಯಾಂಕ್ ಪತ್ರದ ಫಲವನ್ನು ಉಣ್ಣುವವರು ಅರ್ಜಿದಾರರೇ.

ಪ್ರಯಾಣದ ದಿನ

ವೀಸಾ ಇದ್ದಮಾತ್ರಕ್ಕೆ ಪ್ರವೇಶ ಖಚಿತವಲ್ಲ. ಇಳಿದ ವಿಮಾನ ನಿಲ್ದಾಣದ ಅಧಿಕಾರಿ ಅದೇ ಮೂರು ಪ್ರಶ್ನೆಗಳನ್ನು ಮತ್ತೆ ಕೇಳಬಹುದು. ಹೋಟೆಲಿನ ಪತ್ರ, ಹಿಂದಿರುಗುವ ಟಿಕೆಟ್ಟು, ವಿಮೆ ಇವುಗಳ ಪ್ರತಿಗಳು ಕೈಚೀಲದಲ್ಲಿರಲಿ, ಸಾಮಾನಿನ ಪೆಟ್ಟಿಗೆಯಲ್ಲಲ್ಲ. ಗುಂಪಿನಲ್ಲಿ ಹೋಗುವವರು ಎಲ್ಲ ಕಾಗದಗಳನ್ನೂ ಪ್ರವಾಸದ ಮೇಲ್ವಿಚಾರಕರ ಕೈಗೆ ಕೊಟ್ಟು ನಿಶ್ಚಿಂತರಾಗಬಾರದು. ಪ್ರಶ್ನೆ ಕೇಳುವುದು ಒಬ್ಬೊಬ್ಬರನ್ನೇ.

ಷೆಂಗೆನ್ ಗಡಿಗಳಲ್ಲಿ 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಜಾರಿಗೆ ಬಂದ ವ್ಯವಸ್ಥೆಯಲ್ಲಿ, ಪ್ರವಾಸಿಗರ ಆಗಮನ ನಿರ್ಗಮನಗಳು ಮುದ್ರೆಯ ಬದಲು ಗಣಕದಲ್ಲಿ ದಾಖಲಾಗುತ್ತವೆ. ಒಂದು ದಿನ ಹೆಚ್ಚಾಗಿ ಉಳಿದರೂ ಅದು ತಾನಾಗಿಯೇ ಲೆಕ್ಕಕ್ಕೆ ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಮುದ್ರೆ ಇಲ್ಲದಿರುವುದರಿಂದ, ಸಕಾಲದಲ್ಲಿ ಮರಳಿದ್ದಕ್ಕೆ ನಮ್ಮ ಕೈಯಲ್ಲಿ ಉಳಿಯುವ ಪುರಾವೆ ಬೋರ್ಡಿಂಗ್ ಪಾಸ್. ಅದನ್ನು ಎಸೆಯದೆ ಅರ್ಜಿಯ ಪ್ರತಿಗಳೊಡನೆ ಇಟ್ಟುಕೊಳ್ಳಬೇಕು. 2024ರ ಏಪ್ರಿಲ್ 18ರಂದು ಯುರೋಪಿಯನ್ ಆಯೋಗವು ಭಾರತೀಯರಿಗಾಗಿ ಅಂಗೀಕರಿಸಿದ ನಿಯಮದಂತೆ, ಹಿಂದಿನ 3 ವರ್ಷಗಳಲ್ಲಿ ಎರಡು ವೀಸಾಗಳನ್ನು ಪಡೆದು ಕ್ರಮಬದ್ಧವಾಗಿ ಬಳಸಿದವರಿಗೆ 2 ವರ್ಷ ಅವಧಿಯ ವೀಸಾ, ಆ ಬಳಿಕ ಸಾಮಾನ್ಯವಾಗಿ 5 ವರ್ಷದ ವೀಸಾ ದೊರೆಯಬಹುದು. ಆಗ ಈ ಕಡತವೇ ಮತ್ತೆ ಹೊರಬರುತ್ತದೆ.